ಅಜ್ಜಿಯ ಒಳ್ಳೆ ಕೈ

ಆ ಎಂಟು ತಿಂಗಳು ನಮ್ಮ ಮನೆಯಲ್ಲಿ ಅಜ್ಜಿಯ ಎಡಗೈಯದೇ ದರ್ಬಾರು. ಅದಕ್ಕೊಂದು ಸ್ವಂತ ದಿಂಬು, ಸ್ವಂತ ಟವೆಲ್ಲು, ಬೆಳಗ್ಗೆ ಸಂಜೆ ಬೆಚ್ಚಗಿನ ಎಳ್ಳೆಣ್ಣೆ, ಹಿಸುಕೋಕೆ ಒಂದು ಹಳದಿ ಸ್ಪಂಜಿನ ಚೆಂಡು. ಮಡಚಿಕೊಂಡ ಬೆರಳುಗಳನ್ನ ಒಂದೊಂದೇ ಬಿಡಿಸಿ, ನೀವಿ, ಅಮ್ಮ ಅದನ್ನ ದಿಂಬಿನ ಮೇಲೆ ಇಟ್ಟಳೆಂದರೆ, ಮಗು ಮಲಗಿದ ಮನೆಯ ಹಾಗೆ ನಾವೆಲ್ಲ ಸ್ವಲ್ಪ ಹೊತ್ತು ಮೆಲ್ಲಗೆ ಮಾತಾಡುತ್ತಿದ್ದೆವು. ಸ್ಟ್ರೋಕ್ ಆದದ್ದು ಮಿದುಳಿನ ಬಲಭಾಗಕ್ಕೆ, ಬಿದ್ದುಹೋದದ್ದು ಎಡಗೈ, ಎಡಗಾಲು. ಕಾಲು ಮೂರು ತಿಂಗಳಿಗೆ ಎಳೆದುಕೊಂಡಾದರೂ ನಡೆಯೋಕೆ ಒಪ್ಪಿತು. ಕೈ ಮಾತ್ರ ಮುಷ್ಟಿ ಬಿಡಲಿಲ್ಲ.

ಬಲಗೈಯನ್ನ ಯಾರೂ ವಿಚಾರಿಸಿಕೊಳ್ಳಲಿಲ್ಲ. ಅದು ‘ಒಳ್ಳೆ ಕೈ’ ಅಲ್ಲವೇ! ಒಳ್ಳೆಯವರನ್ನ ಯಾರು ಕೇಳ್ತಾರೆ? ಅದು ಮಡಿಲಲ್ಲಿ ಸುಮ್ಮನೆ ಕೂತಿರುತ್ತಿತ್ತು. ಮಾಡೋಕೆ ಅದಕ್ಕೆ ನಾವು ಏನನ್ನೂ ಉಳಿಸಿರಲಿಲ್ಲ. ಅಮ್ಮ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ನಾನು ತಲೆ ಬಾಚಿ ಜಡೆ ಹಾಕುತ್ತಿದ್ದೆ. ಅಪ್ಪ ಪಕ್ಕದಲ್ಲಿ ಕೂತು ಪೇಪರಿನ ಹಾಳೆ ತಿರುಗಿಸಿ ಹಿಡಿಯುತ್ತಿದ್ದರು. ಕಾಫಿ ಲೋಟವೂ ನೇರ ತುಟಿಗೇ. ನೋಡೋಕೆ ಬಂದವರು ಹೊರಡುವಾಗ ಅಮ್ಮನ ಕೈ ಹಿಡಿದು, “ಇಂಥ ಸೊಸೆ ಸಿಗಬೇಕಾದ್ರೆ ಏಳು ಜನ್ಮದ ಪುಣ್ಯ ಮಾಡಿರಬೇಕು ಕಣಮ್ಮ” ಅನ್ನದೆ ಹೋದದ್ದಿಲ್ಲ. ಅಮ್ಮ ಆ ಮಾತಿಗಾಗಿ ಮಾಡುತ್ತಿದ್ದಳು ಅಂತ ನಾನು ಹೇಳುತ್ತಿಲ್ಲ. ಆದರೆ ಅಷ್ಟು ಜನರ ಬಾಯಲ್ಲಿ ಕೇಳಿದ ಮೇಲೆ ನಿಲ್ಲಿಸೋದು ಹೇಗೆ?

ಹೀಗಿರುವಾಗ ದೊಡ್ಡಪ್ಪನ ಮಗಳ ಮದುವೆ ಗೊತ್ತಾಯಿತು. ಮೂರು ತಿಂಗಳ ಆಚೆಗೆ, ಬನಶಂಕರಿಯ ಒಂದು ಛತ್ರದಲ್ಲಿ. ಅಜ್ಜಿಗೆ ಮೊದಲ ಮೊಮ್ಮಗಳ ಮದುವೆ. ಅಮ್ಮ ಅವತ್ತೇ ಏರ್ಪಾಟು ಶುರು ಮಾಡಿದಳು.

“ಅತ್ತೆ, ಛತ್ರದಲ್ಲಿ ಹಿಂದ್ಗಡೆ ಒಂದು ರೂಮಿದೆ. ಫ್ಯಾನು, ಮಂಚ ಎಲ್ಲಾ ಇದೆ. ಊಟದ ಗಲಾಟೆ ಶುರುವಾಗೋ ಮುಂಚೆ ಅಲ್ಲೇ ನಿಮಗೆ ತಿನ್ನಿಸಿಬಿಡ್ತೀನಿ. ಆರಾಮಾಗಿ.”

“ನಾನು ಮದ್ವೆಗೆ ಹೋಗ್ತಿರೋದಾ, ನರ್ಸಿಂಗ್ ಹೋಮಿಗಾ?” ಅಂದಳು ಅಜ್ಜಿ.

“ಹಾಗಲ್ಲ ಅತ್ತೆ, ಅಷ್ಟು ಜನರ ಮಧ್ಯೆ...”

“ಅಷ್ಟು ಜನರ ಮಧ್ಯೇನೇ. ಪಂಕ್ತೀಲಿ ಕೂತು, ಎಲೆ ಮೇಲೆ, ನನ್ನ ಕೈಯಲ್ಲಿ ನಾನು ಉಣ್ಣೋದಾದ್ರೆ ಬರ್ತೀನಿ. ಕತ್ತಿಗೆ ಟವೆಲ್ ಕಟ್ಟಿ ಬಾಯಿಗೆ ತುರುಕೋದಾದ್ರೆ ಇಲ್ಲಿಂದ್ಲೇ ಅಕ್ಷತೆ ಹಾಕ್ತೀನಿ.”

ಅಜ್ಜಿ ಹಟ ಹಿಡಿದರೆ ಹಿಡಿದಳು. ಆದರೆ ನನಗೆ ಇದರಲ್ಲಿ ಕಷ್ಟವೇನಿದೆ ಅಂತಲೇ ಅರ್ಥವಾಗಲಿಲ್ಲ. ಬಲಗೈ ಚೆನ್ನಾಗಿದೆಯಲ್ಲ, ತಿನ್ನಲಿ! ಅವತ್ತು ಮಧ್ಯಾಹ್ನ ತಟ್ಟೆ ಮುಂದಿಟ್ಟೆವು. ಅನ್ನ, ಸಾರು. ಅಜ್ಜಿಯ ಬೆರಳು ಅನ್ನದೊಳಗೆ ಹೋದವು, ಕಲಸಿದವು, ಆದರೆ ಒಟ್ಟುಗೂಡಲಿಲ್ಲ. ತುತ್ತು ಎತ್ತಿದರೆ ದಾರಿಯಲ್ಲೇ ಅರ್ಧ ಉದುರಿತು. ಉಳಿದದ್ದನ್ನ ಬಾಯಿಗೆ ನೂಕಬೇಕಾದ ಹೆಬ್ಬೆರಳು ಏನೋ ಮರೆತವರ ಹಾಗೆ ನಿಂತುಬಿಟ್ಟಿತು. ನಾಲ್ಕನೇ ತುತ್ತಿಗೆ ಸೆರಗಿನ ತುಂಬ ಸಾರು. ಅಜ್ಜಿ ತಟ್ಟೆ ಸರಿಸಿ ಕಿಟಕಿ ಕಡೆ ತಿರುಗಿದಳು.

ನನಗೆ ಆಗ ನೆನಪಾದದ್ದು ಅದೇ ಕೈ ಅವರೆಕಾಳು ಹಿತುಕುತ್ತಿದ್ದ ಚಳಿಗಾಲದ ಸಂಜೆಗಳು. ಎಂಟನೇ ಕ್ಲಾಸಿನಿಂದ ನಾನು ಚರ್ಚಾಸ್ಪರ್ಧೆಗಳ ಹುಳು. ಪರ ಅಂದರೆ ಪರ, ವಿರೋಧ ಅಂದರೆ ವಿರೋಧ. ಅಭ್ಯಾಸಕ್ಕೆ ಎದುರಾಳಿ ಅಜ್ಜಿಯೇ. ಜಯನಗರದ ನಮ್ಮ ಇದೇ ಮನೆಯ ನಡುಮನೆಯಲ್ಲಿ ಮುಂದೆ ಒಂದು ಪಾತ್ರೆ ನೆನೆಸಿದ ಕಾಳು ಇಟ್ಟುಕೊಂಡು ಕೂರುತ್ತಿದ್ದಳು. ನಾನು ನಿಂತು ಭಾಷಣ ಶುರು ಮಾಡಿದರೆ ಅವಳ ಹೆಬ್ಬೆರಳೂ ಶುರು. ಒತ್ತಿದರೆ ಸಿಪ್ಪೆ ಬೆರಳಲ್ಲಿ, ಬೇಳೆ ಪಟ್ ಅಂತ ಪಾತ್ರೆಯಲ್ಲಿ. ಪಟ್, ಪಟ್, ಪಟ್. ನನ್ನ ವಾದದಲ್ಲಿ ಹುಳುಕು ಕಂಡರೆ ಬೇಳೆ ಪಾತ್ರೆಗೆ ಹೋಗದೆ ನನ್ನ ಹಣೆಗೆ ಬರುತ್ತಿತ್ತು. ಗುರಿ ತಪ್ಪಿದ್ದು ನನಗೆ ನೆನಪಿಲ್ಲ. “ಇದಕ್ಕೇನು ಹೇಳ್ತೀಯ ಲಾಯರಮ್ಮ?” ಅಂತ ಒಂದು ಪ್ರಶ್ನೆ ಬೇರೆ. ಯಾವ ಕಾಲೇಜಿನ ತೀರ್ಪುಗಾರರೂ ನನ್ನನ್ನ ಅಷ್ಟು ಸಲ ಸೋಲಿಸಿಲ್ಲ.

ಮಾರನೇ ದಿನ ಫಿಸಿಯೋ ಬಂದರು. ಬೇಗೂರಿನಿಂದ ಸ್ಕೂಟರಿನಲ್ಲಿ ವಾರಕ್ಕೆ ಮೂರು ದಿನ ಬರುತ್ತಿದ್ದ ಹೆಂಗಸು. ಹೆಲ್ಮೆಟ್ ತೆಗೆದರೆ ತಲೆ ತುಂಬ ಮಲ್ಲಿಗೆ ಚಪ್ಪಟೆಯಾಗಿರುತ್ತಿತ್ತು, ಅದನ್ನ ಸರಿಮಾಡಿಕೊಂಡೇ ಕೆಲಸಕ್ಕೆ ಕೂರುತ್ತಿದ್ದರು. ತಟ್ಟೆಯ ಕಥೆ ಕೇಳಿ, ಹಳದಿ ಚೆಂಡನ್ನ ತಮ್ಮ ಚೀಲಕ್ಕೆ ಹಾಕಿಕೊಂಡು, “ಇನ್ಮೇಲೆ ಅರ್ಧ ಹೊತ್ತು ಬಲಗೈಗೆ” ಅಂದರು.

ನನಗೆ ಇಷ್ಟು ಸಾಕಿತ್ತು.

“ಮೇಡಂ, ಒಂದು ನಿಮಿಷ. ಬಿದ್ದಿರೋದು ಎಡಗೈ. ಎಕ್ಸರ್‌ಸೈಜ್ ಬಲಗೈಗಾ? ಒಂದು ಗೋಡೆ ಬಿರುಕು ಬಿಟ್ರೆ ಇನ್ನೊಂದು ಗೋಡೆಗೆ ಸಿಮೆಂಟ್ ಬಳಿತಾರಾ? ಅಥವಾ ಎಡಗೈ ಕೈಬಿಟ್ಟಾಯ್ತು ಅಂತ ನಾಜೂಕಾಗಿ ಹೇಳ್ತಿದೀರಾ?”

“ನಿನ್ನ ಬಾಯಿಗೆ ಸ್ಟ್ರೋಕ್ ಹೊಡೀಬೇಕಿತ್ತು ಕಣೇ,” ಅಂದಳು ಅಜ್ಜಿ, “ನನ್ನ ಕೈಗಲ್ಲ.”

ಫಿಸಿಯೋ ನಕ್ಕರು, ವಾದಕ್ಕೆ ಬರಲಿಲ್ಲ. ಚೀಲದಿಂದ ತೂತುಗಳಿರುವ ಒಂದು ಹಲಗೆ, ಬಣ್ಣಬಣ್ಣದ ಪ್ಲಾಸ್ಟಿಕ್ ಗೂಟಗಳನ್ನ ತೆಗೆದು ಟೀಪಾಯಿ ಮೇಲಿಟ್ಟರು. “ನೀವೇ ಟೈಮ್ ನೋಡಿ. ಅಜ್ಜಿ ಬಲಗೈಯಲ್ಲಿ ಎಲ್ಲಾ ಗೂಟ ಹಾಕಲಿ. ಆಮೇಲೆ ನೀವು ಹಾಕಿ.”

“ಅದು ಸರಿಯಾದ ಹೋಲಿಕೆಯಲ್ಲ,” ಅಂದೆ. “ನನ್ನ ವಯಸ್ಸೇನು, ಅಜ್ಜಿ ವಯಸ್ಸೇನು? ವಯಸ್ಸಾದ್ರೆ ಎಲ್ರೂ ನಿಧಾನ ಆಗ್ತಾರೆ. ಅದೇ ವಯಸ್ಸಿನವರು ಬೇಕು.”

“ಎದುರುಮನೆ ಮಾಮೀನ ಕರಿ,” ಅಂದಳು ಅಜ್ಜಿ. “ನನಗಿಂತ ಎರಡು ವರ್ಷ ದೊಡ್ಡೋಳು. ಹೇಳ್ಕೊಳಲ್ಲ ಅಷ್ಟೇ.”

ಕರೆಯಬೇಕಾಗಲಿಲ್ಲ. ಮಾಮಿ ಮೊಸರಿಗೆ ಹೆಪ್ಪು ಬೇಕು ಅಂತ ಲೋಟ ಹಿಡಿದು ತಾವೇ ಬಂದರು. ಕೂರಿಸಿ ವಿಷಯ ಹೇಳಿದೆವು. ಮಾಮಿ ಗೂಟ ಹಾಕುತ್ತ ಹಾಕುತ್ತಲೇ, ಮೇಲಿನ ಮನೆ ಬಾಡಿಗೆಯವರು ಪೈಪು ಬಿಟ್ಟು ಕಾರು ತೊಳೆಯೋದನ್ನ, ಕೇಳಿದರೆ ಇಂಗ್ಲಿಷಿನಲ್ಲಿ ಸಾರಿ ಅನ್ನೋದನ್ನ ಪೂರ್ತಿ ವರದಿ ಮಾಡಿ, “ಆಯ್ತಲ್ಲ, ಇನ್ನೇನು?” ಅಂದರು. ಕೊನೇ ಗೂಟ ಕೂತಿತ್ತು.

ಅಜ್ಜಿಯ ಸರದಿ. ಮಾಮಿ ಮುಗಿಸಿದಷ್ಟು ಹೊತ್ತಿಗೆ ಅರ್ಧವೂ ಆಗಿರಲಿಲ್ಲ. ಮೂರು ಗೂಟ ನೆಲಕ್ಕೆ ಬಿದ್ದಿದ್ದವು. ಎರಡು ಬೆರಳಿನಲ್ಲಿ ಹಿಡಿದ ಗೂಟವನ್ನ ತಿರುಗಿಸಿ ನೆಟ್ಟಗೆ ಮಾಡೋದೇ ಆ ಕೈಗೆ ಆಗುತ್ತಿರಲಿಲ್ಲ. ಮಾಮಿ ಒಂದು ಸಲ ನನ್ನ ಮುಖ ನೋಡಿ, ಹೆಪ್ಪು ಮರೆತು, ಖಾಲಿ ಲೋಟ ತಗೊಂಡು ಹೊರಟರು.

ಫಿಸಿಯೋ ನೆಲದ ಗೂಟ ಹೆಕ್ಕುತ್ತ ಹೇಳಿದರು. “ಮಿದುಳಿಗೆ ಪೆಟ್ಟು ಬಿದ್ರೆ ಒಂದು ಕೈ ಪೂರ್ತಿ ಹೋಯ್ತು, ಇನ್ನೊಂದು ಪೂರ್ತಿ ಉಳೀತು ಅಂತ ಇರಲ್ಲ. ಇದಕ್ಕೂ ಸ್ವಲ್ಪ ತಗುಲಿರತ್ತೆ. ಅದರ ಮೇಲೆ ನೀವು ಎಂಟು ತಿಂಗಳು ಇದನ್ನ ರಜದಲ್ಲಿ ಕೂರಿಸಿದೀರ.”

“ಸರಿ, ನಿಧಾನ ಅಂತ ಒಪ್ಪಿದೆ. ಅಭ್ಯಾಸ ಮಾಡಿದ್ರೆ ಸರಿಹೋಗತ್ತೆ ಅಂತ ಏನು ಗ್ಯಾರಂಟಿ?”

“ಗ್ಯಾರಂಟಿ ಇಲ್ಲ. ಹೋಗದೆ ಇದ್ರೂ ಇರಬಹುದು. ಎಡಗೈ ನಾನು ಬಿಡಲ್ಲ, ಆದ್ರೆ ಮೂರು ತಿಂಗಳಲ್ಲಿ ಅದು ಉಪಯೋಗಕ್ಕೆ ಬರತ್ತೆ ಅಂತ ಸುಳ್ಳೂ ಹೇಳಲ್ಲ. ಅಜ್ಜಿ ದಿನಾ ಬದುಕಬೇಕಾಗಿರೋದು ಈ ಕೈಯಲ್ಲಿ. ಇದಕ್ಕೆ ಅಭ್ಯಾಸ ಬೇಡ್ವಾ?”

ಎದುರಾಳಿ ‘ಇದ್ರೂ ಇರಬಹುದು’ ಅಂದರೆ ನನ್ನಂಥವಳು ಏನು ಮಾಡಬೇಕು? ನಮ್ಮ ತರಬೇತಿಯೆಲ್ಲ ಖಚಿತವಾಗಿ ಕೂಗುವವರ ಮೇಲೆ.

ಒಪ್ಪಿಗೆಯಾಯಿತು. ಆದರೆ ಪ್ಲಾಸ್ಟಿಕ್ ಗೂಟಗಳಿಗೆ ಅಜ್ಜಿ ಒಪ್ಪಲಿಲ್ಲ. “ಅಂಗನವಾಡಿಗೆ ಸೇರಿಸಿದೀರಾ ನನ್ನ? ಅಟ್ಟದ ಮೇಲೆ ಅಳಗುಳಿ ಮಣೆ ಇದೆ, ಇಳಿಸಿ” ಅಂದಳು. ಹಲಸಿನ ಮರದ್ದು, ಅವಳ ಜೊತೆ ತವರಿನಿಂದ ಬಂದದ್ದು. ಎರಡು ಸಾಲು, ಸಾಲಿಗೆ ಏಳು ಗುಳಿ, ಪ್ರತಿ ಗುಳಿಯಲ್ಲೂ ಹುಣಿಸೆ ಬೀಜ. ಒಂದು ಗುಳಿಯ ಬೀಜವನ್ನೆಲ್ಲ ಬಾಚಿ ಅಂಗೈಗೆ ತಗೊಂಡು, ಹೆಬ್ಬೆರಳಿನಿಂದ ಒಂದೊಂದೇ ಮುಂದಕ್ಕೆ ಜಾರಿಸಿ, ಗುಳಿಗೊಂದರಂತೆ ಹಾಕುತ್ತ ಹೋಗುವ ಆಟ. ಫಿಸಿಯೋ ಎರಡು ಸುತ್ತು ನೋಡಿದರು. “ತುತ್ತು ನೂಕೋದು ಇದೇ ಹೆಬ್ಬೆರಳಲ್ವಾ?” ಅಂದು, ಗೂಟದ ಹಲಗೆ ಚೀಲಕ್ಕೆ ಹಾಕಿಕೊಂಡುಬಿಟ್ಟರು.

ದಿನಾ ನಾಲ್ಕು ಗಂಟೆಗೆ ಆಟ. ಎದುರಾಳಿ ಮಾಮಿ. ನಲವತ್ತು ವರ್ಷದಲ್ಲಿ ಮಾಮಿ ಈ ಮಣೆಯ ಮೇಲೆ ಅಜ್ಜಿಯನ್ನ ಗೆದ್ದದ್ದೇ ಅಪರೂಪವಂತೆ. ಈಗ ದಿನಾ ಗೆಲ್ಲುತ್ತಿದ್ದರು. ಅಜ್ಜಿಯ ಲೆಕ್ಕಾಚಾರ ಸರಿಯಾಗಿಯೇ ಇತ್ತು, ಆದರೆ ಒಂದು ಬೀಜ ಬಿಡಬೇಕಾದ ಕಡೆ ಎರಡು ಜಾರುತ್ತಿದ್ದವು. ಮಾಮಿಯ ನಿಯಮ ಕಟ್ಟುನಿಟ್ಟು, ಜಾರಿದ್ದು ಜಾರಿತು, ಆಟ ಅವರಿಗೆ.

“ಪಾಪ, ಸ್ವಲ್ಪ ಬಿಟ್ಕೊಡಿ ಮಾಮಿ,” ಅಂತ ನಾನು ಒಂದು ದಿನ ಬಾಗಿಲ ಹತ್ತಿರ ಪಿಸುಗುಟ್ಟಿದೆ.

“ಏನಂತಿದಾಳೆ ಅಲ್ಲಿ?” ಒಳಗಿನಿಂದ ಅಜ್ಜಿ.

“ಬಿಟ್ಕೊಡಬೇಕಂತೆ ಕಣ್ರೀ ನಿಮಗೆ!” ಮಾಮಿ ಅಲ್ಲಿಂದಲೇ ಕೂಗಿದರು.

“ಬಿಟ್ಕೊಟ್ರೆ ಮಣೆ ಎತ್ತಿ ತಲೆ ಮೇಲೆ ಹಾಕ್ತೀನಿ ಅಂತ ಹೇಳಿ ಅವಳಿಗೆ!”

ಮಣೆ ಎತ್ತೋಕೆ ಎರಡು ಕೈ ಬೇಕು ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು. ಜೀವನದಲ್ಲಿ ನಾನು ನುಂಗಿಕೊಂಡ ಕೆಲವೇ ಉತ್ತರಗಳಲ್ಲಿ ಅದೊಂದು.

ಮಣೆಗಿಂತ ಕಷ್ಟವಾದದ್ದು ತಟ್ಟೆಯ ಮುಂದೆ. ಅಜ್ಜಿ ತನ್ನ ಕೈಯಲ್ಲೇ ಉಣ್ಣಬೇಕು, ಯಾರೂ ಕೈ ಹಾಕಬಾರದು ಅಂತ ಫಿಸಿಯೋ ಹೇಳಿದ್ದರು. ಒಂದು ಭಾನುವಾರ ವಿಲ್ಸನ್ ಗಾರ್ಡನ್ನಿನಿಂದ ಅಪ್ಪನ ಸೋದರತ್ತೆಯ ಮನೆಯವರು ನೋಡೋಕೆ ಬಂದರು. ಊಟದ ಹೊತ್ತು. ಅಜ್ಜಿ ಬೆರಳಲ್ಲಿ ಅನ್ನ ಒಟ್ಟು ಮಾಡುತ್ತಿದ್ದಳು, ಉದುರುತ್ತಿತ್ತು. ಬಂದವರು ತಟ್ಟೆ ನೋಡಿದರು, ಅಮ್ಮನನ್ನ ನೋಡಿದರು. ಅಮ್ಮನಿಗೆ ತಡೆಯಲಾಗಲಿಲ್ಲ. ಬಂದು ಕೂತು ತುತ್ತು ಮಾಡಿ ಬಾಯಿಯ ಹತ್ತಿರ ಹಿಡಿದಳು. ಅಜ್ಜಿ ಬಾಯಿ ಬಿಗಿ ಮುಚ್ಚಿದಳು. ಅಮ್ಮ ಹಿಡಿದೇ ಇದ್ದಳು, ಅಜ್ಜಿ ಮುಚ್ಚಿಯೇ ಇದ್ದಳು. ಕೊನೆಗೆ ಅಮ್ಮ ಆ ತುತ್ತನ್ನ ತಟ್ಟೆಗೆ ಹಾಕಿ ಎದ್ದುಹೋದಳು.

ನಾನು ಹಿಂದೆಯೇ ಅಡುಗೆಮನೆಗೆ ಹೋಗಿ ವಾದ ಶುರು ಮಾಡಿದೆ. ಯಾರು ಏನಂದುಕೊಳ್ತಾರೆ ಅನ್ನೋದು ಮುಖ್ಯವೋ, ಅಜ್ಜಿಯ ಕೈ ಮುಖ್ಯವೋ? ನಿನ್ನ ಈ ಸೇವೆಯೇ ಅಲ್ಲವೇ ಎಂಟು ತಿಂಗಳು ಆ ಕೈ ಕೆಡಿಸಿದ್ದು? ಒಂದೊಂದು ಅಂಶವೂ ಸರಿಯಾಗಿತ್ತು, ಕ್ರಮವಾಗಿ ಬಂತು. ಅಮ್ಮ ಒಲೆಯ ಕಡೆ ಮುಖ ಮಾಡಿ ನಿಂತು ಎಲ್ಲ ಕೇಳಿಸಿಕೊಂಡಳು.

“ಅವರ ಡೈಪರ್ ಬದಲಾಯಿಸಿದೋಳು ನಾನು,” ಅಂದಳು ಕೊನೆಗೆ. “ಆಗ ನೀನು ಯಾವುದೋ ಊರಲ್ಲಿ ಕಪ್ ಗೆಲ್ತಾ ಇದ್ದೆ.”

ಆ ವಾದ ನಾನು ಗೆದ್ದೆನೋ ಸೋತೆನೋ ಈಗಲೂ ಗೊತ್ತಿಲ್ಲ. ಗೆದ್ದಿದ್ದರೆ ನಾಚಿಕೆ ಅಷ್ಟೇ.

ಮಾರನೇ ದಿನ ಮಧ್ಯಾಹ್ನ ನೋಡಿದರೆ ಟೇಬಲ್ಲಿನ ಮೇಲೆ ಎರಡು ತಟ್ಟೆ. ಅಮ್ಮ ತನಗೂ ಬಡಿಸಿಕೊಂಡು ಅಜ್ಜಿಯ ಪಕ್ಕ ಕೂತಿದ್ದಳು. ಮದುವೆಯಾಗಿ ಬಂದಾಗಿನಿಂದ ಅವಳು ಎಲ್ಲರಿಗೂ ಬಡಿಸಿ, ಎಲ್ಲರೂ ಎದ್ದ ಮೇಲೆ ಅಡುಗೆಮನೆಯಲ್ಲಿ ಉಂಡವಳು. ತನ್ನ ಕೈ ಸುಮ್ಮನಿರದಿದ್ದರೆ ಅದಕ್ಕೊಂದು ಕೆಲಸ ಕೊಡೋಣ ಅಂತ ಇರಬೇಕು. ಅಜ್ಜಿ ಒಂದು ತುತ್ತು ತಿಂದರೆ ಅಮ್ಮ ಒಂದು ತುತ್ತು. ಅಜ್ಜಿಯದು ಉದುರಿದರೆ ಅಮ್ಮ ತನ್ನ ತಟ್ಟೆಯನ್ನೇ ನೋಡುತ್ತಿದ್ದಳು. ಒಂದು ಊಟಕ್ಕೆ ಒಂದು ಗಂಟೆ. ಅತ್ತೆ ಸೊಸೆ ಅಷ್ಟು ಹೊತ್ತು ಒಂದೇ ಕಡೆ ಕೂತು ಮಾತಾಡಿದ್ದನ್ನ ನಾನು ಅದೇ ಮೊದಲು ಕಂಡದ್ದು. ಸಾರಿಗೆ ಮೆಣಸು ಹೆಚ್ಚಾಯ್ತಾ ಅನ್ನೋದರಿಂದ ಹಿಡಿದು, ಅಮ್ಮ ಬಸುರಿಯಾಗಿದ್ದಾಗ ಕದ್ದು ತಿಂದ ನೆಲ್ಲಿಕಾಯಿ ಉಪ್ಪಿನಕಾಯಿಯವರೆಗೆ. “ನನಗೆ ಅವತ್ತೇ ಗೊತ್ತಿತ್ತು, ಭರಣಿ ಮುಚ್ಚಳ ನಾನು ಹಾಗೆ ಇಡಲ್ಲ,” ಅಂದಳು ಅಜ್ಜಿ. ಆ ಮಧ್ಯಾಹ್ನಗಳಿಗೆ ಈಗ ಏನು ಬೇಕಾದರೂ ಕೊಟ್ಟೇನು.

ವಾರಗಳು ಕಳೆದ ಹಾಗೆ ಮಣೆಯ ಮೇಲೆ ಜಾರುವ ಬೀಜ ಕಡಿಮೆಯಾದವು. ಒಂದು ದಿನ ಮಾಮಿ ಸೋತು, “ಇವತ್ತು ನನಗೆ ತಲೆನೋವು” ಅಂದರು. ಮರುದಿನವೂ ತಲೆನೋವು ಬಂತು.

ಇದೆಲ್ಲ ಬಲಗೈ ಅಭ್ಯಾಸದಿಂದಲೇ ಆಯಿತಾ? ನನ್ನನ್ನ ಕಟಕಟೆಯಲ್ಲಿ ನಿಲ್ಲಿಸಿ ಕೇಳಿದರೆ, ಗೊತ್ತಿಲ್ಲ ಅನ್ನುತ್ತೇನೆ. ಕಾಲ ಕಳೆದು ತಾನೇ ಸರಿಹೋಗಿರಬಹುದು. ಮಾಮಿಯ ಮೇಲಿನ ಛಲ ಇರಬಹುದು. ಅಮ್ಮ ಪಕ್ಕದಲ್ಲಿ ಕೂತದ್ದೂ ಇರಬಹುದು. ಅಭ್ಯಾಸ ಮಾಡಿದ ಅಜ್ಜಿ, ಮಾಡದ ಅಜ್ಜಿ ಅಂತ ಇಬ್ಬರನ್ನಿಟ್ಟು ಹೋಲಿಸಬೇಕಿತ್ತು, ನನಗಿದ್ದದ್ದು ಒಬ್ಬಳೇ. ಎಡಗೈಯಂತೂ ಕೊನೆಯವರೆಗೂ ಮುಷ್ಟಿ ಬಿಡಲಿಲ್ಲ. ಅದನ್ನೂ ಹೇಳಿಬಿಡಬೇಕು.

ಮದುವೆಯ ದಿನ ಅಜ್ಜಿ ಕಡುಗೆಂಪು ಸೀರೆ ಆರಿಸಿಕೊಂಡಳು. “ಚೆಲ್ಲಿದ್ರೂ ಕಾಣಲ್ಲ,” ಅಂತ ನನ್ನ ಕಿವಿಯಲ್ಲಿ ಹೇಳಿದಳು. ಅವಳೂ ಪೂರ್ತಿ ನಂಬಿರಲಿಲ್ಲ ಅಂತ ನನಗೆ ಗೊತ್ತಾದದ್ದು ಆಗಲೇ.

ಮುಹೂರ್ತ ಮುಗಿದು ಎರಡನೇ ಪಂಕ್ತಿಯಲ್ಲಿ ಕೂತೆವು. ಉದ್ದನೆ ಟೇಬಲ್ಲು, ಮೇಲೆ ಬಿಳಿ ಕಾಗದ, ಬಾಳೆ ಎಲೆ. ಅಜ್ಜಿಯ ಎಡಕ್ಕೆ ಅಮ್ಮ, ಬಲಕ್ಕೆ ನಾನು. ಕೋಸಂಬರಿ, ಪಲ್ಯಕ್ಕೆ ತೊಂದರೆಯಾಗಲಿಲ್ಲ. ಅನ್ನ ಬಿತ್ತು, ಸಾರಿನವನು ಓಡುತ್ತಲೇ ಬಂದ. ಅಜ್ಜಿ ಅನ್ನದ ಮಧ್ಯೆ ಹೆಬ್ಬೆರಳಿನಿಂದ ಒಂದು ಗುಳಿ ಮಾಡಿ ಕಾಯುತ್ತಿದ್ದಳು. ಅವನು ಗುಳಿಗೆ ಹಾಕುವ ಬದಲು ಮೇಲಿನಿಂದಲೇ ಸುರಿದು ಮುಂದೆ ಹೋದ. ಸಾರು ಒಂದು ಕಡೆ ಕಟ್ಟೆ ಒಡೆದು ಎಲೆಯ ಅಂಚಿಗೆ ಹೊರಟಿತು. ನನ್ನ ಕೈ ತಾನೇ ಮೇಲೆದ್ದಿತು. ಅಜ್ಜಿಯ ಕುರ್ಚಿಯ ಹಿಂದಿನಿಂದ ಬಂದ ಅಮ್ಮನ ಕೈ ನನ್ನ ಬೆನ್ನ ಮೇಲೆ ಒಂದು ಗುದ್ದು ಗುದ್ದಿ ವಾಪಸ್ ಹೋಯಿತು. ಅಷ್ಟರಲ್ಲಿ ಅಜ್ಜಿ ಅಂಗೈ ಅಡ್ಡ ಇಟ್ಟು, ಅನ್ನ ತಳ್ಳಿ, ಸಾರನ್ನ ತಿರುಗಿಸಿಕೊಂಡಿದ್ದಳು. ನಾಲ್ಕು ಹನಿ ಸೀರೆಗೆ ಬಿದ್ದವು. ಕಾಣಲಿಲ್ಲ.

ಪಾಯಸದವನು ಅಜ್ಜಿಯ ಮಡಚಿದ ಎಡಗೈ ನೋಡಿ, “ಅಜ್ಜಿಗೆ ಲೋಟದಲ್ಲಿ ಕೊಡ್ಲಾ ಅಕ್ಕ?” ಅಂತ ನನ್ನ ಕೇಳಿದ.

“ಎಲೆ ಮೇಲೆ ಬಿಡಪ್ಪ,” ಅಂದಳು ಅಜ್ಜಿ.

ಎಲೆಯ ಮೇಲಿನ ಪಾಯಸವನ್ನ ಕೈಯಲ್ಲಿ ಬಾಚಿ ತಿನ್ನೋದು ಎರಡು ಕೈ ನೆಟ್ಟಗಿರುವ ನನಗೇ ಬರುವುದಿಲ್ಲ. ಅಜ್ಜಿ ನಾಲ್ಕು ಬೆರಳು ಕೂಡಿಸಿ ದೋಣಿ ಮಾಡಿ, ಎಲೆಯನ್ನ ಸವರಿಕೊಂಡು ಬಂದು, ಬಗ್ಗಿ ಹೀರಿದಳು. ಮತ್ತೆ ಸವರಿದಳು. ಅರ್ಧ ಎಲೆ ಮುಗಿಯೋ ಹೊತ್ತಿಗೆ ಮುಂದಿನ ಪಂಕ್ತಿಯವರು ಬಂದು ನಮ್ಮ ಹಿಂದೆ ನಿಂತಾಗಿತ್ತು. ಅಜ್ಜಿಯ ಕುರ್ಚಿಯ ಬೆನ್ನು ಒಬ್ಬರು ಹಿಡಿದೇ ನಿಂತರು.

“ಅಂಕಲ್,” ಅಂತ ನಾನು ತಿರುಗಿದೆ. ಮೂರು ಅಂಶಗಳ ಭಾಷಣ ತಯಾರಿತ್ತು.

“ನಿಧಾನವಾಗಿ ಮಾಡ್ಲಿ ಬಿಡಮ್ಮ,” ಅಂದರು. ಕುರ್ಚಿ ಮಾತ್ರ ಬಿಡಲಿಲ್ಲ.

ನಮ್ಮ ಸಾಲಿನವರ ಊಟ ಮುಗಿದಿತ್ತು. ಪಂಕ್ತಿಯಲ್ಲಿ ಒಬ್ಬರು ಉಣ್ಣುತ್ತಿರುವಾಗ ಉಳಿದವರು ಏಳಬಾರದು ಅಂತ ಹಳಬರ ಕಟ್ಟು. ಈಗ ಯಾರು ಪಾಲಿಸ್ತಾರೆ? ಆ ತುದಿಯಲ್ಲಿ ಒಬ್ಬರು ಎಲೆ ಮಡಚಿ ಅರ್ಧ ಎದ್ದರು. ಆಗ ಅಮ್ಮ, ಜನ್ಮದಲ್ಲಿ ಎರಡನೇ ಸಲ ಬಡಿಸಿಕೊಳ್ಳದ ನಮ್ಮಮ್ಮ, ಇಡೀ ಸಾಲಿಗೆ ಕೇಳುವ ಹಾಗೆ ಕೂಗಿದಳು. “ಇಲ್ಲಿ ಇನ್ನೊಂಚೂರು ಅನ್ನ ಹಾಕಪ್ಪಾ! ನಮ್ಮ ಅತ್ತೆದೂ ನಂದೂ ಇನ್ನೂ ಮೊಸರನ್ನ ಆಗಿಲ್ಲ!” ಎದ್ದವರು ಕೂತರು.

ಅಜ್ಜಿ ಹಿಂದಕ್ಕೆ ತಿರುಗದೆಯೇ, “ಕುರ್ಚಿ ಬಿಡಪ್ಪ, ಓಡಿಹೋಗಲ್ಲ ನಾನು,” ಅಂದಳು. ಅಂಕಲ್ ನಕ್ಕು ಕೈ ತೆಗೆದರು.

ಮೊಸರನ್ನ ಮುಗಿಯಿತು. ಅಜ್ಜಿ ಎಲೆಯ ತುದಿಯನ್ನ ತನ್ನ ಕಡೆಗೆ ಎಳೆದು ಒಂದೇ ಕೈಯಲ್ಲಿ ಮಡಚಿ, ಅದು ಬಿಚ್ಚಿಕೊಳ್ಳದ ಹಾಗೆ ಮೇಲೊಂದು ಏಟು ಕೊಟ್ಟಳು. ನಮ್ಮ ಸಾಲಿನಲ್ಲಿ ಮೊದಲು ಎದ್ದದ್ದು ಅವಳೇ.

ಕೈ ತೊಳೆಯುವ ಕಡೆಗೆ ನಡೆಸಿಕೊಂಡು ಹೋದೆ. ನಾನು ನಲ್ಲಿ ತಿರುಗಿಸಿ, ಪಾಠ ಕಲಿತವಳ ಹಾಗೆ ಎರಡು ಹೆಜ್ಜೆ ದೂರ ನಿಂತೆ. ಬೆರಳ ಸಂದಿಯಲ್ಲೆಲ್ಲ ಮೊಸರು, ಪಾಯಸದ ಜಿಡ್ಡು. ಅಜ್ಜಿ ಬಲಗೈಯನ್ನ ನೀರಿಗೆ ಹಿಡಿದಳು, ಆಚೆ ಈಚೆ ತಿರುಗಿಸಿದಳು, ಬೆರಳಿಗೆ ಬೆರಳು ಉಜ್ಜಿ ನೋಡಿದಳು. ಹೋಗಲಿಲ್ಲ. ಕನ್ನಡಿಯಲ್ಲಿ ನನ್ನನ್ನ ನೋಡಿದಳು.

“ಏನು ನೋಡ್ತಾ ನಿಂತಿದ್ದೀಯ? ಬಾ, ತೊಳಿ. ಇದಕ್ಕೆ ಎರಡು ಕೈ ಬೇಕು.”

ನಾನು ಹತ್ತಿರ ಹೋಗಿ ಒಂದೊಂದೇ ಬೆರಳು ಉಜ್ಜಿ ತೊಳೆದೆ. ಹೆಬ್ಬೆರಳಿಗೆ ಸ್ವಲ್ಪ ಹೊತ್ತು ಹಿಡಿಯಿತು.